ಯೂನಿವರ್ಸಿಟಿ ಲೈಬ್ರರಿಗೆ ಹೊಸಬರು ಬಂದಿದ್ದಾರೆ: ಪರಿಚಯ ಮಾಡಿಕೊಳ್ಳೋದು ಹೇಗೆ?

"ನಮ್ಮ ಲೈಬ್ರರಿಗೆ ಹೊಸ ಮೇಡಂ ಬಂದಿದ್ದಾರೆ, ಹೋಗಿ ಏನಂತ ಮಾತಾಡಿಸಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಎಂ.ಎ. ಎರಡನೇ ವರ್ಷದವರು, ಇಲ್ಲವೇ ಈಗಷ್ಟೇ ಪಿಎಚ್.ಡಿ.ಗೆ ನೋಂದಣಿ ಮಾಡಿಸಿದವರು. ಹಳ್ಳಿ ಕಡೆಯಿಂದ ಬಂದ ಎಷ್ಟೋ ಮಕ್ಕಳಿಗೆ ಕೌಂಟರಿನ ಆಚೆ ಕೂತವರನ್ನು ಮಾತಾಡಿಸಲು ಸಂಕೋಚ. ಪುಸ್ತಕ ತಗೊಂಡು, ಸೀಲ್ ಹಾಕಿಸಿಕೊಂಡು, ತಲೆ ತಗ್ಗಿಸಿ ಬಂದುಬಿಡುತ್ತಾರೆ. ಐದು ವರ್ಷ ಸಂಶೋಧನೆ ಮಾಡಿ ಹೋದವರಲ್ಲೂ ಲೈಬ್ರರಿಯ ಒಬ್ಬರ ಹೆಸರೂ ಗೊತ್ತಿಲ್ಲದವರನ್ನು ನೋಡಿದ್ದೇನೆ, ಸಂಕಟ ಆಗುತ್ತದೆ.

ವರ್ಷಗಟ್ಟಲೆ ಖಾಲಿ ಇದ್ದ ಜಾಗಕ್ಕೆ ಒಬ್ಬರು ಬಂದಿದ್ದಾರೆ ಅಂದರೆ ಅದು ನಿಮಗೆ ಒಳ್ಳೆಯ ಕಾಲ. ಅವರಿಗೂ ಇಲ್ಲಿ ಯಾರ ಪರಿಚಯವೂ ಇರುವುದಿಲ್ಲ. ಯಾವ ವಿಭಾಗದವರು ಏನು ಓದುತ್ತಾರೆ ಅಂತ ತಿಳಿಯಬೇಕಾಗಿರುತ್ತದೆ. ಮೊದಲ ಎರಡು ಮೂರು ತಿಂಗಳಲ್ಲಿ ಬಂದು ಮಾತಾಡಿಸಿದವರ ಮುಖ ಅವರಿಗೆ ನೆನಪಿರುತ್ತದೆ.

ಇಡೀ ಲೇಖನದಲ್ಲಿ ನಾನು ಹೇಳುವುದು ಒಂದೇ ಮಾತು. ಒಂದು ನಿಜವಾದ ಪ್ರಶ್ನೆ ಹಿಡಿದುಕೊಂಡು ಹೋಗಿ, ಉತ್ತರ ಸಿಕ್ಕ ಮೇಲೆ ಏನಾಯ್ತು ಅಂತ ವಾಪಸ್ ಹೋಗಿ ಹೇಳಿ. ಪರಿಚಯ ತಾನಾಗೇ ಆಗುತ್ತದೆ. ನಾನು ಇಲ್ಲಿ ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಖಾಸಗಿ ವಿವಿಯವರಿಗೆ ಒಂದೆರಡು ಕಡೆ ವ್ಯತ್ಯಾಸ ಇರುತ್ತದೆ, ಅಲ್ಲಲ್ಲೇ ಹೇಳುತ್ತೇನೆ.

ಬೇಕಾಗಿರುವುದು ಇಷ್ಟು: ಗುರುತಿನ ಚೀಟಿ, ಲೈಬ್ರರಿ ಕಾರ್ಡು, ಒಂದು ನೋಟ್‌ಬುಕ್ಕು, ಸಂಶೋಧನೆ ಮಾಡುತ್ತಿದ್ದರೆ ನಿಮ್ಮ ಸಿನಾಪ್ಸಿಸ್‌ನ (ಸಂಶೋಧನೆಯ ಸಾರಾಂಶ) ಒಂದು ಪುಟದ ಪ್ರತಿ. ಸ್ವೀಟ್ ಬಾಕ್ಸ್, ಹೂಗುಚ್ಛ ಏನೂ ಬೇಡ.

1. ಬಂದವರು ಯಾರು, ಯಾವ ಕೆಲಸಕ್ಕೆ ಅಂತ ತಿಳಿದುಕೊಳ್ಳಿ

ಲೈಬ್ರರಿಯಲ್ಲಿರುವ ಎಲ್ಲರನ್ನೂ ನಾವು "ಲೈಬ್ರರಿಯನ್" ಅಂದುಬಿಡುತ್ತೇವೆ. ಅಲ್ಲಿ ಗ್ರಂಥಪಾಲಕರು, ಉಪ ಗ್ರಂಥಪಾಲಕರು, ಸಹಾಯಕ ಗ್ರಂಥಪಾಲಕರು, ಗ್ರಂಥಾಲಯ ಸಹಾಯಕರು, ಅಟೆಂಡರ್ ಅಂತ ಬೇರೆ ಬೇರೆ ಹುದ್ದೆಗಳಿವೆ. ಕೆಲಸವೂ ಬೇರೆ ಬೇರೆ. ಪುಸ್ತಕ ಕೊಟ್ಟು ತಗೊಳ್ಳುವ ಕೌಂಟರು ಒಂದು. ಮನೆಗೆ ಕೊಡದ, ಅಲ್ಲೇ ಕೂತು ನೋಡಬೇಕಾದ ಪುಸ್ತಕಗಳ ಪರಾಮರ್ಶನ ವಿಭಾಗ, ಅಂದರೆ ರೆಫರೆನ್ಸ್ ಸೆಕ್ಷನ್, ಇನ್ನೊಂದು. ಹಳೆಯ ಪತ್ರಿಕೆಗಳನ್ನು ಬೈಂಡ್ ಮಾಡಿಟ್ಟಿರುವ ನಿಯತಕಾಲಿಕಗಳ ವಿಭಾಗ, ಪಿಎಚ್.ಡಿ. ಪ್ರಬಂಧಗಳ ವಿಭಾಗ, ಹೊಸ ಪುಸ್ತಕಕ್ಕೆ ನಂಬರ್ ಹಾಕುವ ತಾಂತ್ರಿಕ ವಿಭಾಗ, ಇವೆಲ್ಲ ಬೇರೆ. ಹೊಸಬರು ಯಾವ ವಿಭಾಗಕ್ಕೆ ಬಂದಿದ್ದಾರೆ ಅಂತ ಕೌಂಟರಿನಲ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಹೆಸರು ಬಾಗಿಲ ಬೋರ್ಡಿನಲ್ಲಿರುತ್ತದೆ, ಸರಿಯಾಗಿ ಓದಿಕೊಳ್ಳಿ.

2. ಹೊತ್ತು ನೋಡಿ ಹೋಗಿ

ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಅರ್ಧ ಗಂಟೆ, ಊಟದ ಹೊತ್ತು, ಪರೀಕ್ಷೆಗೆ ಮುಂಚಿನ ಎರಡು ವಾರ, ನೋ ಡ್ಯೂಗೆ (ಲೈಬ್ರರಿ ಬಾಕಿ ಇಲ್ಲ ಅನ್ನುವ ಪತ್ರಕ್ಕೆ) ಜನ ಸಾಲು ನಿಂತ ದಿನ, ಇಷ್ಟು ಬಿಡಿ. ಮಧ್ಯಾಹ್ನ ಮೂರರ ಸುಮಾರಿಗೆ ಲೈಬ್ರರಿ ಸ್ವಲ್ಪ ತಣ್ಣಗಿರುತ್ತದೆ. ನ್ಯಾಕ್ ತಂಡ (ವಿವಿಗಳ ಗುಣಮಟ್ಟ ನೋಡಿ ಶ್ರೇಣಿ ಕೊಡುವ ಸಂಸ್ಥೆಯವರು) ಬರುವ ತಿಂಗಳಿನಲ್ಲಂತೂ ಲೈಬ್ರರಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

3. ಪ್ರಶ್ನೆಯನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಎಡವುವುದೂ ಇಲ್ಲೇ.

"ಹೊಯ್ಸಳರ ಬಗ್ಗೆ ಏನಾದ್ರೂ ಇದೆಯಾ ಸರ್?" ಅಂತ ಕೇಳಿದರೆ ಅವರು ಏನು ಮಾಡಬೇಕು? ಒಂದು ಕಪಾಟು ತೋರಿಸುತ್ತಾರೆ. ನೀವು ಕಪಾಟಿನ ಮುಂದೆ ನಿಂತು ಸಮಯ ಕಳೆಯುತ್ತೀರಿ. ನನ್ನ ಸಂಶೋಧನೆಯ ಮೊದಲ ವರ್ಷ ನಾನೂ ಹೀಗೇ ಕೇಳಿ ಒಂದಿಡೀ ವಾರ ಕಳೆದುಕೊಂಡಿದ್ದೇನೆ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ:

"ನನಗೆ ಬೇಲೂರು ತಾಲ್ಲೂಕಿನ ಒಂದು ಶಾಸನ ನೋಡಬೇಕು. ನಾನು ಓದಿದ ಪುಸ್ತಕದ ಅಡಿಟಿಪ್ಪಣಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟದ ಸಂಖ್ಯೆ ಕೊಟ್ಟಿದ್ದಾರೆ. ನಾನು ಕ್ಯಾಟಲಾಗ್‌ನಲ್ಲಿ ಹುಡುಕಿದಾಗ ಪರಿಷ್ಕೃತ ಸಂಪುಟ ಮಾತ್ರ ಸಿಕ್ತು, ಅದರಲ್ಲಿ ಆ ಸಂಖ್ಯೆಗೆ ಬೇರೆ ಯಾವುದೋ ಶಾಸನ ಇದೆ. ಹಳೆಯದು ನಮ್ಮಲ್ಲಿ ಎಲ್ಲಿ ಸಿಗಬಹುದು?"

ಈ ಗೊಂದಲ ಇತಿಹಾಸ ಮತ್ತು ಕನ್ನಡ ಎಂ.ಎ. ಮಾಡುವ ಬಹಳ ಜನರಿಗೆ ಬರುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾ ಅಂದರೆ ನಮ್ಮ ಕಡೆಯ ಶಾಸನಗಳ ಸಂಪುಟಮಾಲೆ. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ತಂದ ಪರಿಷ್ಕೃತ ಸಂಪುಟಗಳಿಗೂ ಸಂಪುಟದ ಸಂಖ್ಯೆ ಹೊಂದುವುದಿಲ್ಲ, ಶಾಸನದ ಸಂಖ್ಯೆಯೂ ಹೊಂದುವುದಿಲ್ಲ. ಹಾಗಾಗಿ ಇದು ಕೇಳಬೇಕಾದ ಪ್ರಶ್ನೆಯೇ. ನೀವು ಏನು ಹುಡುಕುತ್ತಿದ್ದೀರಿ, ಎಲ್ಲಿವರೆಗೆ ಹುಡುಕಿದಿರಿ, ಎಲ್ಲಿ ನಿಂತಿರಿ ಎಂಬ ಮೂರೂ ಆ ಪ್ರಶ್ನೆಯಲ್ಲಿ ಇದ್ದಾವೆ ನೋಡಿ. ಹೊಸದಾಗಿ ಬಂದವರಿಗೆ ಇಂಥ ಪ್ರಶ್ನೆ ಸಿಕ್ಕರೆ ಖುಷಿಯಾಗುತ್ತದೆ, ಯಾಕೆಂದರೆ ಅವರು ಓದಿ ಬಂದಿರುವುದೇ ಇಂಥದ್ದನ್ನು ಬಿಡಿಸಲು.

ಹೋಗುವ ಮುಂಚೆ ಓಪ್ಯಾಕ್‌ನಲ್ಲಿ ಒಮ್ಮೆ ಹುಡುಕಿ. ಓಪ್ಯಾಕ್ ಅಂದರೆ ಲೈಬ್ರರಿಯ ಪುಸ್ತಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕುವ ಪುಟ. ನಮ್ಮ ಕಡೆಯ ಲೈಬ್ರರಿಗಳಲ್ಲಿ ಕೋಹಾ, ಸೋಲ್, ಇ-ಗ್ರಂಥಾಲಯ ಅನ್ನುವ ತಂತ್ರಾಂಶಗಳು ಹೆಚ್ಚು ಬಳಕೆಯಲ್ಲಿವೆ. ಹೆಸರು ಬೇರೆಯಾದರೂ ಹುಡುಕುವ ರೀತಿ ಹೆಚ್ಚುಕಡಿಮೆ ಒಂದೇ. ಪುಸ್ತಕ ಕಂಡರೆ ಅದರ ಕಾಲ್ ನಂಬರ್ ಬರೆದುಕೊಳ್ಳಿ.

ಎಚ್ಚರಿಕೆ: ಕಾಲ್ ನಂಬರ್ ಬೇರೆ, ಅಕ್ಸೆಷನ್ ನಂಬರ್ ಬೇರೆ. ಕಾಲ್ ನಂಬರ್ ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ, ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಹೇಳುತ್ತದೆ. ಅಕ್ಸೆಷನ್ ನಂಬರ್ ಅಂದರೆ ಪುಸ್ತಕ ಲೈಬ್ರರಿಗೆ ಬಂದಾಗ ರಿಜಿಸ್ಟರಿನಲ್ಲಿ ಬಿದ್ದ ಕ್ರಮಸಂಖ್ಯೆ. ಅದನ್ನು ಹಿಡಿದು ಕಪಾಟು ಹುಡುಕಿದರೆ ಸಂಜೆಯಾದರೂ ಸಿಗುವುದಿಲ್ಲ.

ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಾದರೆ ಕನ್ನಡ ಸಾಹಿತ್ಯ 894.814ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ, ಜಾನಪದ 398ರಲ್ಲಿ ಇರುತ್ತದೆ. ನಿಮ್ಮ ವಿಷಯದ ನಂಬರ್ ಬಾಯಿಪಾಠ ಆಗಿರಲಿ. ಕೆಲವು ಕಡೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಇದೆ, ಅಲ್ಲಿ ನಂಬರುಗಳೇ ಬೇರೆ ಥರ.

4. ಮೊದಲ ಮಾತು

ಉದ್ದ ಪೀಠಿಕೆ ಬೇಡ. ಇಷ್ಟು ಸಾಕು: "ನಮಸ್ಕಾರ ಮೇಡಂ. ನನ್ನ ಹೆಸರು ಇಂಥದ್ದು, ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡ್ತಿದ್ದೀನಿ. ನೀವು ಹೊಸದಾಗಿ ಬಂದಿದ್ದೀರಿ ಅಂತ ಗೊತ್ತಾಯ್ತು. ಒಂದು ಹಳೇ ಸಂಪುಟ ಹುಡುಕ್ತಿದ್ದೀನಿ, ಬಿಡುವಿದ್ದಾಗ ಹತ್ತು ನಿಮಿಷ ಕೊಡ್ತೀರಾ?"

ಹೆಸರು, ವಿಭಾಗ, ಕೆಲಸ ಮೂರೂ ಬಂತು. "ಈಗ ಆಗಲ್ಲ, ನಾಳೆ ಬನ್ನಿ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಾಳೆ ಎಷ್ಟು ಗಂಟೆಗೆ ಅಂತ ಕೇಳಿ, ಆ ಗಂಟೆಗೆ ಸರಿಯಾಗಿ ಹೋಗಿ. ಹೇಳಿದ ಹೊತ್ತಿಗೆ ವಾಪಸ್ ಬರುವ ವಿದ್ಯಾರ್ಥಿಗಳು ತುಂಬ ಕಡಿಮೆ, ಅಷ್ಟಕ್ಕೇ ನಿಮ್ಮ ಗುರುತು ಉಳಿಯುತ್ತದೆ.

"ಸರ್" "ಮೇಡಂ" ಸಾಕು. ಎಷ್ಟೇ ಚಿಕ್ಕ ವಯಸ್ಸಿನವರಾಗಿದ್ದರೂ ಬಹುವಚನ ಬಿಡಬೇಡಿ. ಈಚೆಗೆ ಬರುವ ಸಹಾಯಕರಲ್ಲಿ ಎಷ್ಟೋ ಜನ ನಿಮಗಿಂತ ಎರಡು ಮೂರು ವರ್ಷ ದೊಡ್ಡವರಷ್ಟೇ, ಅದಕ್ಕೇ ಸಲಿಗೆ ಬೇಗ ಬಂದುಬಿಡುತ್ತದೆ. ಅವರು ಮೇಲಿನವರ ಮುಂದೆ ಕೆಲಸ ಮಾಡುತ್ತಿರುತ್ತಾರೆ ಅನ್ನೋದು ನೆನಪಿರಲಿ.

5. ಅವರು ತಿರುಗಿ ಪ್ರಶ್ನೆ ಕೇಳಿದರೆ ತಾಳ್ಮೆಯಿಂದ ಉತ್ತರ ಕೊಡಿ

"ಯಾಕೆ ಬೇಕು? ಯಾವ ಅಧ್ಯಾಯಕ್ಕೆ? ಇದರ ಬಗ್ಗೆ ಎಲ್ಲಿ ಓದಿದ್ರಿ?" ಅಂತ ಅವರು ಕೇಳಬಹುದು. ಇದು ತನಿಖೆ ಅಂದುಕೊಂಡು ಕೆಲವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಲೈಬ್ರರಿ ಸೈನ್ಸ್ ಓದಿದವರು ಇದನ್ನು ರೆಫರೆನ್ಸ್ ಇಂಟರ್‌ವ್ಯೂ ಅನ್ನುತ್ತಾರೆ. ಓದುಗರು ಬಾಯಲ್ಲಿ ಕೇಳಿದ್ದಕ್ಕೂ ಅವರಿಗೆ ನಿಜವಾಗಿ ಬೇಕಾಗಿರುವುದಕ್ಕೂ ವ್ಯತ್ಯಾಸ ಇರುತ್ತದೆ, ಅದನ್ನು ಪತ್ತೆ ಮಾಡುವ ರೀತಿ ಇದು. ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು, ಈ ಪ್ರಶ್ನೆಗಳೂ ಅದಕ್ಕೇ. ಲೈಬ್ರರಿ ಸೈನ್ಸ್ ಓದುವವರಿಗೆ ಅವರು ಗುರುಗಳ ಗುರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಡಿ.ಆರ್.ಟಿ.ಸಿ. ಅನ್ನುವ ತರಬೇತಿ ಕೇಂದ್ರ ಕಟ್ಟಿದ್ದೂ ಇಲ್ಲೇ. ಅವರ ನೆನಪಿಗೆ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಮಾಡುತ್ತಾರೆ. ಆವತ್ತು ಹೋಗಿ ಒಂದು ಶುಭಾಶಯ ಹೇಳಿ, ಹೇಳುವವರು ಜಾಸ್ತಿ ಇರುವುದಿಲ್ಲ.

ಸಾಧ್ಯವಾದರೆ "ನೀವು ಹುಡುಕುವಾಗ ಪಕ್ಕದಲ್ಲಿ ನಿಂತು ನೋಡಲಾ?" ಅಂತ ಕೇಳಿ. ನನಗೆ ಒಬ್ಬ ಹೊಸ ಮೇಡಂ ಕಲಿಸಿದ್ದು ಹೀಗೇ. ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಇಂಗ್ಲಿಷಿನಲ್ಲಿ ನಾನು ಕೆ ಅಕ್ಷರದಿಂದ ಹೊಡೆದು ಏನೂ ಬರಲಿಲ್ಲ ಅಂತ ಕೂತಿದ್ದೆ. ಅವರು ಕೆ ಅಳಿಸಿ ಸಿ ಹಾಕಿದರು. ಪರದೆ ತುಂಬ ಸಂಪುಟಗಳು ಬಂದವು. ಆಮೇಲೆ ಶಿವರಾಮ ಕಾರಂತರ ಹೆಸರನ್ನು ಕೊನೆಗೆ ಎಚ್ ಹಾಕಿ ಒಮ್ಮೆ, ಎಚ್ ಇಲ್ಲದೆ ಒಮ್ಮೆ, ಕೊನೆಯಲ್ಲಿ ಎ ಸೇರಿಸಿ ಒಮ್ಮೆ, ಕನ್ನಡ ಲಿಪಿಯಲ್ಲಿ ಒಮ್ಮೆ ಹುಡುಕಿ ತೋರಿಸಿದರು. ನಾಲ್ಕು ಸಲವೂ ಬೇರೆ ಬೇರೆ ಪುಸ್ತಕ. ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಪಟ್ಟಿ ಮಾಡಿದ್ದರಿಂದ ಒಬ್ಬರೇ ಲೇಖಕರು ನಾಲ್ಕು ಜನರಾಗಿಬಿಟ್ಟಿರುತ್ತಾರೆ. ಕುವೆಂಪು ಅವರನ್ನು ಪುಟ್ಟಪ್ಪ ಅಂತ, ಬೇಂದ್ರೆಯವರನ್ನು ಅಂಬಿಕಾತನಯದತ್ತ ಅಂತಲೂ ಹುಡುಕಬೇಕು. ಕನ್ನಡ ಪುಸ್ತಕ ಹುಡುಕುವವರಿಗೆ ಇದಕ್ಕಿಂತ ಉಪಯೋಗದ ಪಾಠ ಇನ್ನೊಂದಿಲ್ಲ.

6. ಹಳಬರನ್ನು ಮರೆಯಬೇಡಿ

ಹೊಸಬರಿಗೆ ಕಂಪ್ಯೂಟರು, ಡೇಟಾಬೇಸು ಎಲ್ಲ ಚೆನ್ನಾಗಿ ಗೊತ್ತು. ಆದರೆ ದಾನವಾಗಿ ಬಂದ ಪುಸ್ತಕದ ಗಂಟು ಯಾವ ಮೂಲೆಯಲ್ಲಿದೆ, ಸೋರುವ ಕೋಣೆಯಿಂದ ಎತ್ತಿಟ್ಟ ಸಂಪುಟಗಳು ಎಲ್ಲಿ ಹೋದವು, ಇದು ಇಪ್ಪತ್ತು ವರ್ಷದಿಂದ ಅಲ್ಲಿರುವ ಅಟೆಂಡರಣ್ಣನಿಗೋ ಅಕ್ಕನಿಗೋ ಮಾತ್ರ ಗೊತ್ತು. ನೀವು ಹೊಸಬರ ಹತ್ತಿರ ಹೋಗಿ ಹಳಬರ ಬಗ್ಗೆ ದೂರು ಹೇಳಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ. ದಯವಿಟ್ಟು ಈ ತಪ್ಪು ಮಾಡಬೇಡಿ. "ಮೇಡಂ ಹುಡುಕಿಕೊಟ್ರು, ಅಣ್ಣ ಎತ್ತಿಕೊಟ್ರು" ಅಂತ ಇಬ್ಬರ ಮುಂದೂ ಹೇಳಿ.

7. ವಾಪಸ್ ಹೋಗಿ ಹೇಳಿ

ಬೇಕಾದದ್ದು ಸಿಕ್ಕ ಕೂಡಲೇ ನಾವು ಮಾಯ ಆಗಿಬಿಡುತ್ತೇವೆ. ಲೈಬ್ರರಿಯವರಿಗೆ ತಾವು ಕೊಟ್ಟದ್ದು ಉಪಯೋಗಕ್ಕೆ ಬಂತಾ ಇಲ್ಲವಾ ಅಂತ ಗೊತ್ತೇ ಆಗುವುದಿಲ್ಲ. ಒಂದು ವಾರದೊಳಗೆ ಹೋಗಿ ಹೇಳಿ: "ಮೇಡಂ, ಆ ಶಾಸನ ಹಳೆಯ ಸಂಪುಟದಲ್ಲಿ ಸಿಕ್ತು, ಪರಿಷ್ಕೃತದಲ್ಲಿ ಅದರ ಸಂಖ್ಯೆ ಇದು." ಎರಡೂ ಸಂಖ್ಯೆ ಚೀಟಿಯಲ್ಲಿ ಬರೆದು ಕೊಡಿ. ನಾಳೆ ಇನ್ನೊಬ್ಬರು ಇದೇ ಕೇಳಿಕೊಂಡು ಬಂದಾಗ ಅವರಿಗೆ ಅದು ಕೆಲಸಕ್ಕೆ ಬರುತ್ತದೆ. ಸಿಗದಿದ್ದರೂ ಹೋಗಿ ಹೇಳಿ.

ಪುಸ್ತಕಪಟ್ಟಿಯಲ್ಲಿ ತಪ್ಪು ಕಂಡರೆ, ಪುಸ್ತಕ ತಪ್ಪು ಕಪಾಟಿನಲ್ಲಿದ್ದರೆ, ಅದನ್ನೂ ತಿಳಿಸಿ. ನೀವೇ ಸರಿಯಾದ ಜಾಗದಲ್ಲಿ ಇಡಲು ಹೋಗಬೇಡಿ, ಓದಿದ ಪುಸ್ತಕ ಮೇಜಿನ ಮೇಲೇ ಬಿಡಿ. ಅಂದಾಜಿನ ಮೇಲೆ ಇಟ್ಟ ಪುಸ್ತಕ ಕಳೆದುಹೋದ ಹಾಗೇ.

ನಿಮ್ಮ ವಿಷಯದಲ್ಲಿ ಬಂದ ಹೊಸ ಪುಸ್ತಕಗಳ ಹೆಸರು ಕೊಡುವುದೂ ಒಳ್ಳೆಯದು. ಪುಸ್ತಕ ಖರೀದಿಗೆ ಶಿಫಾರಸು ಫಾರಂ ಇರುತ್ತದೆ, ಮಾರ್ಗದರ್ಶಕರ ಸಹಿ ಹಾಕಿಸಿ ಕೊಡಿ. ಕನ್ನಡದಲ್ಲಿ ಸಣ್ಣ ಪ್ರಕಾಶಕರು ತರುವ ಪುಸ್ತಕ ದೊಡ್ಡ ಮಾರಾಟಗಾರರ ಪಟ್ಟಿಯಲ್ಲಿ ಬರುವುದೇ ಅಪರೂಪ. ನೀವು ಹೇಳದಿದ್ದರೆ ಲೈಬ್ರರಿಗೆ ಅದು ಬರುವುದೇ ಇಲ್ಲ.

8. ಅವರ ಮೂಲಕ ಮಾತ್ರ ತೆರೆಯುವ ಬಾಗಿಲುಗಳು

ಎರಡನೇ ಅಥವಾ ಮೂರನೇ ಭೇಟಿಯಲ್ಲಿ ಇವನ್ನು ಒಂದೊಂದಾಗಿ ಕೇಳಿ. ಒಂದೇ ದಿನ ಎಲ್ಲ ಕೇಳಬೇಡಿ.

ಇ-ಜರ್ನಲ್ಲುಗಳು: 2025ರಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಶುರುವಾಗಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು ಇದರಲ್ಲಿ ಸಿಗುತ್ತವೆ. ಮೊದಲ ಹಂತದಲ್ಲಿ ಖಾಸಗಿ ವಿವಿಗಳು ಇಲ್ಲ. ಕ್ಯಾಂಪಸ್ ಒಳಗೆ ಹೇಗೆ ತೆಗೆಯಬೇಕು, ಹಾಸ್ಟೆಲ್ಲಿನಿಂದ ಅಥವಾ ಊರಿನಿಂದ ಓದಲು ಲಾಗಿನ್ ಹೇಗೆ, ಇದನ್ನು ಲೈಬ್ರರಿಯವರೇ ಹೇಳಬೇಕು. ಕನ್ನಡ ಪತ್ರಿಕೆಗಳಿಗೆ ಇದನ್ನು ನಂಬಬೇಡಿ, ಅವಕ್ಕೆ ಬೈಂಡ್ ಮಾಡಿದ ಹಳೆಯ ಸಂಪುಟಗಳೇ ಗತಿ. ಇನ್ನೊಂದು ಎಚ್ಚರಿಕೆ: ಒಂದೇ ಸಲಕ್ಕೆ ನೂರಾರು ಲೇಖನ ಡೌನ್‌ಲೋಡ್ ಮಾಡಬೇಡಿ. ಪ್ರಕಾಶಕರು ಇಡೀ ಕ್ಯಾಂಪಸ್ಸಿಗೆ ಬಾಗಿಲು ಹಾಕಿಬಿಡಬಹುದು. ಅದಕ್ಕೆ ಉತ್ತರ ಕೊಡಬೇಕಾಗಿ ಬರುವುದು ನಿಮಗೆ ಸಹಾಯ ಮಾಡಿದ ಅದೇ ಹೊಸಬರಿಗೆ.

ಶೋಧಗಂಗಾ: ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕನ್ನಡ ಪ್ರಬಂಧ ಹುಡುಕುವಾಗ ಒಂದು ತೊಡಕು ಇದೆ. ಹಳೆಯ ಪ್ರಬಂಧಗಳಲ್ಲಿ ಎಷ್ಟೋ 'ನುಡಿ', 'ಬರಹ' ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಆದವು, ಅವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿಗೆ ಅದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಒಳಗಿನ ಪದ ಹೊಡೆದು ಹುಡುಕಿದರೆ ಸಿಗುವುದಿಲ್ಲ. ಇಂಥವನ್ನು ವಿಭಾಗದ ಹೆಸರು, ಮಾರ್ಗದರ್ಶಕರ ಹೆಸರು ಹಿಡಿದು ಹುಡುಕುವುದು ಹೇಗೆ ಅಂತ ತೋರಿಸಿಕೊಡಲು ಕೇಳಿ.

ಬೇರೆ ಲೈಬ್ರರಿಯಿಂದ ತರಿಸುವುದು: ನಿಮ್ಮ ಲೈಬ್ರರಿ ಡೆಲ್‌ನೆಟ್ (ಲೈಬ್ರರಿಗಳು ಪುಸ್ತಕ ಹಂಚಿಕೊಳ್ಳುವ ಜಾಲ) ಸದಸ್ಯ ಆಗಿದ್ದರೆ ಬೇರೆ ಊರಿನ ಲೈಬ್ರರಿಯಿಂದ ಪುಸ್ತಕ ಎರವಲು ತರಿಸಬಹುದು, ಲೇಖನದ ಪ್ರತಿಯನ್ನೂ ತರಿಸಬಹುದು. ಕೋರಿಕೆ ಲೈಬ್ರರಿಯ ಮೂಲಕವೇ ಹೋಗಬೇಕು. ಇದು ಇದೆ ಅಂತಲೇ ಬಹಳ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ.

ಕೃತಿಚೌರ್ಯ ತಪಾಸಣೆ: ಪ್ರಬಂಧ ಸಲ್ಲಿಸುವಾಗ ಬರಹ ಬೇರೆಯವರದಕ್ಕೆ ಎಷ್ಟು ಹೋಲುತ್ತದೆ ಅಂತ ತಂತ್ರಾಂಶದಲ್ಲಿ ನೋಡುತ್ತಾರೆ. ಬಹಳ ಕಡೆ ಅದು ಡ್ರಿಲ್‌ಬಿಟ್, ಅದನ್ನು ಓಡಿಸಿ ವರದಿ ಕೊಡುವುದು ಸಾಮಾನ್ಯವಾಗಿ ಲೈಬ್ರರಿಯೇ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಆದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರಬಂಧ ಸಲ್ಲಿಸುವಂತಿಲ್ಲ. ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ನಿಮ್ಮ ಫೈಲ್ ಯಾವ ರೂಪದಲ್ಲಿರಬೇಕು, ಎಷ್ಟು ಸಲ ನೋಡಿಕೊಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ ಅಂತ ಸಲ್ಲಿಕೆಗೆ ಆರು ತಿಂಗಳ ಮುಂಚೆಯೇ ವಿಚಾರಿಸಿ. ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ. ಕೊನೆಗೆ ಮುನ್ನೂರು ಪುಟ ಪರಿವರ್ತನೆ ಮಾಡಲು ಹೊರಟು, ಒತ್ತಕ್ಷರಗಳೆಲ್ಲ ಚದುರಿಹೋಗಿ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ.

9. ಇವನ್ನು ಕೇಳಬೇಡಿ

ಪರಿಚಯ ಆಯ್ತು ಅಂತ ದಂಡ ಮನ್ನಾ ಮಾಡಿ, ರೆಫರೆನ್ಸ್ ಪುಸ್ತಕ ಮನೆಗೆ ಕೊಡಿ, ಗೆಳೆಯನ ಕಾರ್ಡಿನಲ್ಲಿ ಇನ್ನೆರಡು ಪುಸ್ತಕ ಕೊಡಿ ಅನ್ನಬೇಡಿ. ಹೊಸದಾಗಿ ಬಂದವರು ಪ್ರೊಬೇಷನ್ನಿನಲ್ಲಿ (ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ) ಇರುತ್ತಾರೆ. ನಿಮಗೆ ಸಣ್ಣದು ಅನ್ನಿಸಿದ್ದು ಅವರಿಗೆ ನೋಟಿಸ್ ತರಿಸಬಹುದು. ಇಲ್ಲ ಅನ್ನಲು ಅವರಿಗೂ ಕಷ್ಟ. ಆ ಕಷ್ಟಕ್ಕೆ ಅವರನ್ನು ತಳ್ಳಬಾರದು, ಅಲ್ವಾ?

ಅವರ ಸ್ವಂತ ಮೊಬೈಲ್ ನಂಬರ್ ಕೂಡ ಕೇಳಬೇಡಿ. ಅವರಾಗೇ ಕೊಟ್ಟರೆ ಲೈಬ್ರರಿ ಸಮಯದಲ್ಲಿ ಮಾತ್ರ ಬಳಸಿ. ಹುಡುಗರಿಗೆ ಇದನ್ನು ಬಿಡಿಸಿಯೇ ಹೇಳುತ್ತೇನೆ: ಹೊಸದಾಗಿ ಬಂದ ಮೇಡಂಗೆ ರಾತ್ರಿ ಮೆಸೇಜ್ ಹಾಕುವುದು, ಸುಮ್ನೆ ಕೌಂಟರಿನ ಸುತ್ತ ಸುಳಿದಾಡುವುದು ಪರಿಚಯ ಅಲ್ಲ, ತೊಂದರೆ ಕೊಡುವುದು. ಕಚೇರಿಯ ಇಮೇಲ್ ಇದ್ದೇ ಇರುತ್ತದೆ. ಅದಕ್ಕೆ ಬರೆಯಿರಿ. ವಿಷಯದ ಸಾಲಿನಲ್ಲಿ ಹೆಸರು, ವಿಭಾಗ, ಏನು ಬೇಕು ಅಂತ ಹಾಕಿ.

10. ನೋ ಡ್ಯೂ ಹೊತ್ತಿಗೆ

ನೋ ಡ್ಯೂ ಅಂದರೆ ಲೈಬ್ರರಿಗೆ ನೀವು ಏನೂ ಬಾಕಿ ಇಲ್ಲ ಅನ್ನುವ ಪತ್ರ. ಇದಿಲ್ಲದೆ ಟಿ.ಸಿ., ಠೇವಣಿ, ಪಿಎಚ್.ಡಿ. ಕಡತ ಯಾವುದೂ ಮುಂದೆ ಹೋಗುವುದಿಲ್ಲ. ಸಲ್ಲಿಕೆಗೆ ಒಂದು ತಿಂಗಳು ಮೊದಲೇ ನಿಮ್ಮ ಖಾತೆಯಲ್ಲಿ ಏನೇನಿದೆ ಅಂತ ಕೇಳಿ ನೋಡಿಸಿಕೊಳ್ಳಿ. ವಾಪಸ್ ಕೊಟ್ಟ ಪುಸ್ತಕ ಇನ್ನೂ ನಿಮ್ಮ ಹೆಸರಲ್ಲೇ ಉಳಿದಿದ್ದರೆ ಕಪಾಟಿನಲ್ಲಿ ಹುಡುಕಿಸಲು ಸಮಯ ಬೇಕು. ಪುಸ್ತಕ ನಿಜಕ್ಕೂ ಕಳೆದುಹೋಗಿದ್ದರೆ ಮುಚ್ಚಿಡದೆ ಹೇಳಿ, ಅದೇ ಪುಸ್ತಕ ಕೊಂಡು ಕೊಡಬಹುದಾ ಅಥವಾ ಬೆಲೆ ಕಟ್ಟಬೇಕಾ ಅಂತ ನಿಮ್ಮ ವಿವಿಯ ನಿಯಮ ನೋಡಿ ಅವರು ತಿಳಿಸುತ್ತಾರೆ.

ಪ್ರಬಂಧ ಮುಗಿದಾಗ ಕೃತಜ್ಞತೆಯ ಪುಟದಲ್ಲಿ "ಗ್ರಂಥಾಲಯದ ಸಿಬ್ಬಂದಿಗೆ" ಅಂತ ಒಂದು ಸಾಲು ಎಲ್ಲರೂ ಬರೆಯುತ್ತಾರೆ. ನೀವು ಹೆಸರು ಹಾಕಿ, ಯಾವ ಸಂಪುಟ ಹುಡುಕಿಕೊಟ್ಟರು ಅಂತ ಬರೆಯಿರಿ. ಸಂಪುಟವನ್ನು ಕಪಾಟಿನಿಂದ ಎತ್ತಿಕೊಟ್ಟ ಅಟೆಂಡರಣ್ಣನ ಹೆಸರನ್ನೂ ಸೇರಿಸಿ. ಪ್ರತಿ ಕೊಡಲು ಹೋದಾಗ ಆ ಪುಟ ತೆಗೆದು ಇಬ್ಬರಿಗೂ ತೋರಿಸಿ.